ಕಡ ತಂದ ಮಾತು: ಬಲ್ಮಠದ ದೇವಶಾಸ್ತ್ರ ಶಾಲೆ ಮತ್ತು ಕನ್ನಡ ಬರವಣಿಗೆ

ನೆರೆಮನೆಯಿಂದ ಒಂದು ಸೇರು ಅಕ್ಕಿ ತಂದರೆ ಅದನ್ನು ಯಾರೂ ಸಾಲ ಎನ್ನುವುದಿಲ್ಲ, ಕಡ ಎನ್ನುತ್ತಾರೆ. ಸಾಲಕ್ಕೆ ಬಡ್ಡಿ ಇದೆ, ಪತ್ರ ಇದೆ, ಸಾಕ್ಷಿ ಇದೆ. ಕಡಕ್ಕೆ ಇವೇನೂ ಬೇಡ. ಆದರೆ ಅಕ್ಕಿ ತಂದವರು ಅಕ್ಕಿಯನ್ನೇ ಕೊಡಬೇಕು. ತಂದ ಸೇರಿನಲ್ಲೇ ಅಳೆದು, ಸ್ವಲ್ಪ ಗೋಪುರ ಮಾಡಿ ಕೊಟ್ಟರೆ ಮನೆತನಕ್ಕೆ ಮರ್ಯಾದೆ.

ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಅಕ್ಷರ ಚರಿತ್ರೆಯನ್ನು ಓದುತ್ತ ಹೋದಂತೆಲ್ಲ ಈ ಕಡದ ಲೆಕ್ಕ ನೆನಪಾಗುತ್ತದೆ. ದೂರದ ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಿಂದ ಬಂದವರ ಬಳಿ ವಿಶ್ವಾಸವಿತ್ತು, ಅದನ್ನು ಹೇಳಲು ಮಾತಿರಲಿಲ್ಲ. ಮಾತನ್ನು ಈ ಊರಿನಿಂದ ಕಡ ತಂದರು. ದಾಸರ ಪದದಿಂದ ಒಂದಷ್ಟು, ಶರಣರ ಪುರಾಣದಿಂದ ಒಂದಷ್ಟು, ಸಂತೆಯ ಗಾದೆಯಿಂದ ಒಂದಷ್ಟು. ಆ ಕಡ ಹೇಗೆ ತೀರಿತು, ಎಷ್ಟು ತೀರದೆ ಉಳಿಯಿತು ಎಂದು ನೋಡುವುದು ಈ ಲೇಖನದ ಉದ್ದೇಶ.

ಗುಡ್ಡದ ಮೇಲಿನ ಶಾಲೆ

ಬಾಸೆಲ್ ಮಿಷನ್ ಸಂಸ್ಥೆ ಹುಟ್ಟಿದ್ದು 1815ರಲ್ಲಿ. ಅದರ ಮೊದಲ ಮೂವರು ಪ್ರಚಾರಕರು, ಸಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದಿಳಿದದ್ದು 1834ರ ಅಕ್ಟೋಬರಿನಲ್ಲಿ. ಎರಡು ವರ್ಷದ ಬಳಿಕ ಹರ್ಮನ್ ಮೋಗ್ಲಿಂಗ್ ಬಂದರು. ಆಗ ಅವರ ವಯಸ್ಸು 25. ಊರಿನವರನ್ನೇ ಉಪದೇಶಿಗಳನ್ನಾಗಿ ತಯಾರು ಮಾಡದಿದ್ದರೆ ಮಿಷನ್ನಿನ ಕೆಲಸ ಬೇರೂರದು ಎಂಬುದು ಅವರ ನಂಬಿಕೆ. ಅದರ ಫಲವಾಗಿ ಬಲ್ಮಠದಲ್ಲಿ ಮೊದಲು ಹುಡುಗರ ವಸತಿಶಾಲೆ, ಮುಂದೆ 1847ರಲ್ಲಿ ದೇವಶಾಸ್ತ್ರ ಶಾಲೆ ನೆಲೆಗೊಂಡವು.

ಆ ಶಾಲೆಯ ಹುಡುಗರ ಭಾಷೆಯ ಪಾಡನ್ನು ನೆನೆಯಬೇಕು. ಮನೆಯಲ್ಲಿ ಹೆಚ್ಚಿನವರದು ತುಳು. ಪಾಠ ಕನ್ನಡದಲ್ಲಿ. ಗುರುಗಳ ಮನೆಮಾತು ಜರ್ಮನ್. ಕಚೇರಿ ಇಂಗ್ಲಿಷಿನದು. ಸಂತೆಗೆ ಹೋದರೆ ಕೊಂಕಣಿ, ಬ್ಯಾರಿ. ಇಷ್ಟು ಮಾತುಗಳ ನಡುವೆ ಒಂದು ಪ್ರಾರ್ಥನೆ ಕಟ್ಟುವುದೇ ಒಂದು ಸಾಹಸ. ಇಂದಿಗೂ ಕರಾವಳಿಯ ಬಾಸೆಲ್ ಪರಂಪರೆಯ ಅನೇಕ ಕುಟುಂಬಗಳಲ್ಲಿ ಊಟದ ಮಾತು ತುಳು, ದೇವರ ಮಾತು ಕನ್ನಡ.

ಶಾಲೆಯ ಮೊದಲ ದಿನಗಳ ಚರಿತ್ರೆಯಲ್ಲಿ ಮರೆಯಲಾಗದ ಹೆಸರು ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆಯ ಈ ತರುಣ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಕದಡಿತು. ಒಂದು ಮನೆಗೆ ಅದು ಮಗನನ್ನು ಕಳೆದುಕೊಂಡ ದಿನವಾಗಿತ್ತು ಎಂಬುದನ್ನು ಕಾಲೇಜಿನ ಈ ಸ್ಮರಣ ಸಂಚಿಕೆಯ ಸಂಭ್ರಮದಲ್ಲೂ ಬರೆಯಲೇಬೇಕು. ಕೌಂಡಿನ್ಯರು ಮೋಗ್ಲಿಂಗರ ಜೊತೆ ಬಾಸೆಲಿಗೆ ಹೋಗಿ ದೇವಶಾಸ್ತ್ರ ಓದಿ, 1851ರಲ್ಲಿ ಪಾದ್ರಿಯಾಗಿ ಅಭಿಷೇಕ ಪಡೆದು ಮರಳಿ, ಬಲ್ಮಠದಲ್ಲೇ ಪಾಠ ಹೇಳಿದರು. ಕಲಿಸುವ ಪೀಠದ ಮೇಲೆ ಈ ನೆಲದವರೊಬ್ಬರು ಕುಳಿತದ್ದು ಹಾಗೆ.

ಕಲ್ಲಿನ ಮೇಲೆ ಬರೆದ ಪತ್ರಿಕೆ

ಶಾಲೆಗೆ ಪುಸ್ತಕ ಬೇಕು. 1841ರಲ್ಲಿ ಮಂಗಳೂರಿಗೆ ಕಲ್ಲಚ್ಚಿನ ಯಂತ್ರ ಬಂತು. ಅಚ್ಚುಮೊಳೆಗಳ ಕನ್ನಡ ಮುದ್ರಣ ಬಳ್ಳಾರಿಯಲ್ಲಿ ನಡೆಯುತ್ತಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ ಇಡೀ ಸತ್ಯವೇದ 1831ರ ಹೊತ್ತಿಗೆ ಅಲ್ಲಿ ಕನ್ನಡದಲ್ಲಿ ಅಚ್ಚಾಗಿತ್ತು. ಮಂಗಳೂರಿಗೆ ಮೊಳೆಗಳ ಭಾಗ್ಯ ಇನ್ನೂ ದೂರವಿತ್ತು.

ಕಲ್ಲಚ್ಚಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜಿಡ್ಡಿನ ಶಾಯಿಯಲ್ಲಿ ಬರಹಗಾರನು ಕಾಗದದ ಮೇಲೆ ದುಂಡಗೆ ಬರೆಯುತ್ತಾನೆ. ಆ ಕಾಗದವನ್ನು ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಮಗುಚಿ ಒತ್ತಿದರೆ ಅಕ್ಷರಗಳು ತಿರುವುಮುರುವಾಗಿ ಕಲ್ಲಿಗೆ ಅಂಟುತ್ತವೆ. ಕಲ್ಲಿಗೆ ನೀರು ಸವರಬೇಕು. ಜಿಡ್ಡಿರುವಲ್ಲಿ ನೀರು ನಿಲ್ಲದು, ನೀರಿರುವಲ್ಲಿ ಶಾಯಿ ಹತ್ತದು. ಮೇಲೆ ಶಾಯಿಯ ಉರುಳೆ ಎಳೆದು, ಹೊಸ ಕಾಗದ ಇಟ್ಟು ಒತ್ತಿದರೆ ಬರೆದವನ ಕೈಬರಹವೇ ಹಾಳೆಯ ಮೇಲೆ ಮೂಡುತ್ತದೆ. ಒಂದು ಕಾಗುಣಿತ ತಪ್ಪಿದರೆ ನೂರಾರು ಪ್ರತಿಗಳಲ್ಲೂ ಅದೇ ತಪ್ಪು. ಮಂಗಳೂರಿನ ಆ ಕಾಲದ ಪುಸ್ತಕಗಳನ್ನು ಬಿಡಿಸಿದರೆ ಯಾರೋ ನಮಗೆ ಕಾಗದ ಬರೆದಿದ್ದಾರೆ ಎಂಬಂತೆ ಕಾಣುವುದು ಇದಕ್ಕೇ. ಕಾಲು ಎಳೆದ ರೀತಿ, ಒತ್ತಕ್ಷರ ಇಳಿಸಿದ ರೀತಿ, ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಅಕ್ಷರ ಕುಗ್ಗಿದ ರೀತಿ, ಎಲ್ಲವೂ ಕಣ್ಣಿಗೆ ಬೀಳುತ್ತವೆ.

1843ರ ಜುಲೈ 1ರಂದು ಹೊರಬಂದ 'ಮಂಗಳೂರ ಸಮಾಚಾರ' ಇಂಥ ಕಲ್ಲಚ್ಚಿನ ಪತ್ರಿಕೆ. ಕನ್ನಡದ ಮೊದಲ ಪತ್ರಿಕೆ ಎಂಬ ಹಿರಿಮೆ ಅದರದು. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು, ಸಂಪಾದಕರು ಮೋಗ್ಲಿಂಗ್. ಪ್ರಚಾರಕರು ತಂದ ಪತ್ರಿಕೆ ಎಂದಮೇಲೆ ಬರೀ ಉಪದೇಶ ತುಂಬಿರಬೇಕು ಎಂದುಕೊಂಡರೆ ತಪ್ಪು. ಊರ ವರ್ತಮಾನ, ಸರ್ಕಾರದ ಆಜ್ಞೆಗಳು, ಹೊರರಾಜ್ಯಗಳ ಸುದ್ದಿ, ಕಥೆ, ಪದ ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಮರುವರ್ಷ, 1844ರಲ್ಲಿ, ಪತ್ರಿಕೆ ಅಚ್ಚುಮೊಳೆಗಳಿದ್ದ ಬಳ್ಳಾರಿಗೆ ಹೋಯಿತು, 'ಕನ್ನಡ ಸಮಾಚಾರ' ಎಂಬ ಹೊಸ ಹೆಸರಿನಲ್ಲಿ ಕೆಲವು ತಿಂಗಳು ನಡೆದು ನಿಂತುಹೋಯಿತು. ಅಲ್ಪಾಯುಷ್ಯದ ಆ ಬದುಕನ್ನು ನೆನೆದು ನಾವು ಪ್ರತಿವರ್ಷ ಜುಲೈ 1ರಂದು ಪತ್ರಿಕಾ ದಿನ ಆಚರಿಸುತ್ತೇವೆ.

ಮುಂದೆ ಅಚ್ಚುಕೂಟದ ಕೆಲಸಕ್ಕೆ ಬಂದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಮೊದಲ ಹೆಂಚಿನ ಕಾರ್ಖಾನೆಯನ್ನೂ ಕಟ್ಟಿದರು. ಅಕ್ಷರದ ಅಚ್ಚು, ಹೆಂಚಿನ ಅಚ್ಚು, ಎರಡರ ಮೇಲೂ ಒಬ್ಬರೇ ಮನುಷ್ಯನ ಕೈಗುರುತು. ಮನೆಯ ಮಾಡಿಗೆ ಮಿಷನ್ ಹೆಂಚು, ಗೋಡೆಗೆ ಮಿಷನ್ ಪಂಚಾಂಗ ಇದ್ದ ಮನೆಗಳು ಕರಾವಳಿಯ ತುಂಬ ಇದ್ದವು. ಆ ಪಂಚಾಂಗಕ್ಕೆ ಜಾತಿಮತದ ಗಡಿ ಇರಲಿಲ್ಲ.

'ದೀಕ್ಷೆ' ಎಲ್ಲಿಂದ ಬಂತು?

ಬಲ್ಮಠದಲ್ಲಿ ನಡೆದ ಅತ್ಯಂತ ಕಷ್ಟದ ಬರವಣಿಗೆ ಯಾವ ಪುಸ್ತಕದ ಮುಖಪುಟದಲ್ಲೂ ಕಾಣುವುದಿಲ್ಲ. ಅದು ಒಂದೊಂದು ಶಬ್ದದ ಹುಡುಕಾಟ. ಕ್ರೈಸ್ತ ವಿಶ್ವಾಸದ ತಿರುಳನ್ನು ಹೇಳುವ ಮಾತುಗಳಲ್ಲಿ ಕನ್ನಡದಲ್ಲಿ ಮೊದಲಿನಿಂದ ಬೇರೆ ಮನೆಯಲ್ಲಿ ಬಾಳದೆ ಬಂದದ್ದು ವಿರಳ. ಬೈಬಲಿಗೆ 'ಸತ್ಯವೇದ' ಎಂದರು. 'ವೇದ' ಎಂಬುದು ಆಗಲೇ ತುಂಬಿ ತುಳುಕುವ ಶಬ್ದ, ಆದ್ದರಿಂದ ಹಿಂದೆ 'ಸತ್ಯ' ಸೇರಿಸಿದರು. ಮೊದಲೇ ಇದ್ದ ವೇದದ ಜೊತೆ ಒಂದು ಜಗಳವೂ ಆ ಜೋಡಣೆಯಲ್ಲಿದೆ. 'ಕೃಪೆ' ದಾಸರು ಹಾಡಿ ಹಾಡಿ ಮೆದುವಾಗಿಸಿದ ಮಾತು. 'ದೀಕ್ಷೆ' ವೀರಶೈವ ಮಠಗಳಲ್ಲಿ, ಜೈನ ಬಸದಿಗಳಲ್ಲಿ ಚಲಾವಣೆಯಲ್ಲಿದ್ದದ್ದು. ಅದಕ್ಕೆ ನೀರನ್ನು ಸೇರಿಸಿ 'ದೀಕ್ಷಾಸ್ನಾನ' ಎಂದರು. ಕೆಥೊಲಿಕರು ಅದನ್ನೇ ತಿರುಗಿಸಿ 'ಸ್ನಾನದೀಕ್ಷೆ' ಎನ್ನುತ್ತಾರೆ. ಬಾಸೆಲ್ ಸಭೆಯವರು 'ಸುವಾರ್ತೆ' ಎಂದರೆ ಅವರು 'ಶುಭಸಂದೇಶ' ಎನ್ನುತ್ತಾರೆ. ಹೊರಗಿನವರಿಗೆ ಇದು ಸಣ್ಣ ವ್ಯತ್ಯಾಸ. ಒಳಗಿನವರಿಗೆ ಯಾವ ಸಭೆಯವರು ಎಂದು ತಿಳಿಯಲು ಇದೊಂದೇ ಮಾತು ಸಾಕು.

ಕಡ ತಂದ ಶಬ್ದಕ್ಕೆ ತನ್ನದೇ ನೆನಪಿರುತ್ತದೆ. 'ಪಾಪ' ಎಂದೊಡನೆ ಕೇಳುಗನ ಮನಸ್ಸು ಕರ್ಮದ ಕಡೆಗೆ ಹರಿಯುತ್ತದೆ. 'ಮುಕ್ತಿ' ಎಂದರೆ ಹುಟ್ಟುಸಾವಿನ ಸುತ್ತಿನಿಂದ ಬಿಡುಗಡೆ ಎಂದು ಅವನು ತಿಳಿಯುತ್ತಾನೆ. ಹಾಗಾಗಿ 'ರಕ್ಷಣೆ' ಎಂಬ ಇನ್ನೊಂದು ಮಾತನ್ನು ನೆಚ್ಚಿಕೊಂಡರು. ಒಂದೊಂದು ಶಬ್ದಕ್ಕೂ ಪಂಡಿತರನ್ನು ಕೇಳಬೇಕು, ಪಂಡಿತರು ಶ್ಲೋಕ ಹೇಳಬೇಕು, ಆ ಶ್ಲೋಕ ಅರ್ಥವಾಗಲು ಪುರಾಣ ಓದಬೇಕು. ಉಪದೇಶ ಮಾಡಲು ಬಂದವರು ಹೀಗೆ ತಮಗೆ ಅರಿವಿಲ್ಲದೆಯೇ ವಿದ್ಯಾರ್ಥಿಗಳಾದರು.

ಮಿಷನ್ ಅಚ್ಚುಕೂಟದಲ್ಲಿ ಬಸವಪುರಾಣ

ವಿದ್ಯಾರ್ಥಿಯಾದ ಮೇಲೆ ಪಠ್ಯ ಬೇಕಲ್ಲವೇ? ಹಳೆಯ ಕಾವ್ಯಗಳೆಲ್ಲ ಓಲೆಗರಿಯಲ್ಲಿದ್ದವು, ಮಠದ ಕಪಾಟುಗಳಲ್ಲಿ, ಮನೆಯ ಅಟ್ಟಗಳಲ್ಲಿ. ಮೋಗ್ಲಿಂಗ್ ಅವನ್ನು ಕೂಡಿಸಿ ಅಚ್ಚು ಹಾಕಲು ಹೊರಟರು. ಕ್ಯಾಸಮೇಜರ್ ಎಂಬ ಬ್ರಿಟಿಷ್ ಅಧಿಕಾರಿ ಹಣದ ನೆರವು ಕೊಟ್ಟರು. 1848ರಿಂದ 1853ರವರೆಗೆ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಹೊರಬಂದವು.

ಇದರ ವಿಚಿತ್ರವನ್ನು ಒಂದು ಗಳಿಗೆ ನಿಂತು ನೋಡಬೇಕು. ಕೃಷ್ಣನ ಮಹಿಮೆಯನ್ನು ಹಾಡುವ ಪದಗಳನ್ನು, ಶಿವಶರಣರ ಪವಾಡಗಳನ್ನು ಹೇಳುವ ಪುರಾಣಗಳನ್ನು ಅಚ್ಚು ಹಾಕಿದ್ದು ಆ ದೇವರುಗಳನ್ನು ಒಪ್ಪದ ಪಾದ್ರಿ. ಅದೇ ಅಚ್ಚುಕೂಟದಿಂದ ಮೂರ್ತಿಪೂಜೆಯನ್ನು ಹಳಿಯುವ ಕರಪತ್ರಗಳೂ ಹೋಗುತ್ತಿದ್ದವು. ಎರಡನ್ನೂ ಒತ್ತಿದ್ದು ಒಂದೇ ಶಾಯಿ. ಈ ವಿರೋಧವನ್ನು ಮುಚ್ಚಿಟ್ಟು ಮಿಷನರಿಗಳನ್ನು ಬರೀ ಕನ್ನಡಸೇವಕರು ಎಂದು ಹೊಗಳುವುದು ಸುಳ್ಳು. ಸೇವೆ ಎಲ್ಲ ಮತಾಂತರದ ತಂತ್ರ ಎಂದು ತಳ್ಳಿಹಾಕುವುದೂ ಅಷ್ಟೇ ಸುಳ್ಳು. ಎದುರಾಳಿಯ ಮಾತನ್ನು ಖಂಡಿಸುವುದಕ್ಕಾದರೂ ಪೂರ್ತಿ ಓದಬೇಕು. ಪೂರ್ತಿ ಓದಿದ ಮೇಲೆ ಕೆಲವರಿಗೆ ಅದರ ರುಚಿ ಹತ್ತಿತು. ಈ ಕೆಲಸಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಮೋಗ್ಲಿಂಗರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆ ಗೌರವದಲ್ಲಿ ಹರಿದಾಸರಿಗೂ ಬಸವಪುರಾಣದ ಭೀಮಕವಿಗೂ ಪಾಲಿತ್ತು ಎನ್ನಬೇಕು.

ತುಳುವಿನಲ್ಲೂ ಇದೇ ಕಥೆ ನಡೆಯಿತು. ಹೊಸ ಒಡಂಬಡಿಕೆ ತುಳುವಿಗೆ ಬಂದಾಗ ಅದು ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ತುಳುವನ್ನು ಕನ್ನಡ ಅಕ್ಷರದಲ್ಲಿ ಓದುವ ರೂಢಿ ಬಲಿಯಲು ಆ ಪುಸ್ತಕಗಳು ದೊಡ್ಡ ಕಾರಣ. ಮಿಷನ್ನಿನ ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣ ಬರೆದರು. ಮ್ಯಾನರ್ 1886ರಲ್ಲಿ ತುಳು ನಿಘಂಟು ತಂದರು, ಅದರ ಜೊತೆಗೆ ಪಾಡ್ದನಗಳನ್ನೂ ಅಚ್ಚು ಹಾಕಿಸಿದರು. ಭೂತಾರಾಧನೆ ಬೇಡವೆಂದು ಬೋಧಿಸಿದ ಸಭೆಯ ಅಚ್ಚುಕೂಟವೇ ಭೂತಗಳ ಹಾಡುಗಳನ್ನು ಕಾಗದದ ಮೇಲೆ ಉಳಿಸಿತು.

ಕಿಟೆಲರ ಒಂದು ಪುಟ

ಫರ್ಡಿನಂಡ್ ಕಿಟೆಲ್ 1853ರಲ್ಲಿ ಈ ದೇಶಕ್ಕೆ ಬಂದಾಗ 21ರ ಹರೆಯದವರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಅವರ ಬದುಕು ಹಂಚಿಹೋಯಿತು. 1862ರಲ್ಲಿ ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲೇ ಹೇಳುವ 'ಕಥಾಮಾಲೆ' ಪ್ರಕಟಿಸಿದರು. ಜರ್ಮನ್ ರಾಗಕ್ಕೆ ಕನ್ನಡ ಮಾತನ್ನು ಹಿಗ್ಗಿಸಿ ಜಗ್ಗಿಸಿ ಕೂರಿಸುತ್ತಿದ್ದ ಕಾಲದಲ್ಲಿ ಇದು ಬೇರೆಯೇ ದಾರಿ. ಆ ದಾರಿ ಹಿಡಿಯಲು ಛಂದಸ್ಸು ಗೊತ್ತಿರಬೇಕು. ಹೀಗೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು.

ಇವೆಲ್ಲದರ ಬಳಿಕ ನಿಘಂಟು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅದನ್ನು ಪ್ರಕಟಿಸಿತು. 1700ಕ್ಕೂ ಹೆಚ್ಚು ಪುಟ, ಸುಮಾರು 70,000 ಶಬ್ದ. ಮಡಿಲಲ್ಲಿಟ್ಟು ಓದಲು ಬಾರದಷ್ಟು ಭಾರದ ಪುಸ್ತಕ. ಯಾವುದಾದರೂ ಒಂದು ಪುಟ ತೆರೆಯಿರಿ. 'ಕಡ' ಎಂಬ ರೂಪವನ್ನೇ ಹುಡುಕಿ. ಒಂದೇ ಕಾಗುಣಿತದ ಹಲವು ಶಬ್ದಗಳಿಗೆ ಒಂದು, ಎರಡು, ಮೂರು ಎಂದು ಅಂಕೆ ಹಾಕಿ ಬೇರೆ ಬೇರೆ ನಿಲ್ಲಿಸಿದ್ದಾರೆ. ದಾಟುವ ಜಾಗದ ಕಡ ಬೇರೆ, ಋಣದ ಕಡ ಬೇರೆ. ದೇಸಿ ಶಬ್ದ ಯಾವುದು, ತದ್ಭವ ಯಾವುದು ಎಂಬ ಗುರುತು. ಬಳಿಯಲ್ಲೇ ತಮಿಳು, ತೆಲುಗು, ಮಲಯಾಳ, ತುಳುಗಳ ನೆಂಟರು. ಆಮೇಲೆ ಬಳಕೆ: ಕಾವ್ಯದಿಂದ ಒಂದು ಸಾಲು, ವ್ಯಾಕರಣದಿಂದ ಒಂದು ಸೂತ್ರ, ಅದರ ಪಕ್ಕದಲ್ಲೇ ಸಂತೆಯ ಗಾದೆ. ಪಂಪನ ಕಾಲದ ಮಾತಿನ ಬಳಿಯಲ್ಲಿ ಒಕ್ಕಲಿಗನ ಮಾತೂ ಸಮನಾಗಿ ಕುಳಿತಿದೆ. ಗಾದೆಗಳಿಗೆ ನಿಘಂಟಿನಲ್ಲಿ ಇಷ್ಟು ದೊಡ್ಡ ಪಂಕ್ತಿಯನ್ನು ಕನ್ನಡದಲ್ಲಿ ಅದಕ್ಕೂ ಮೊದಲು ಯಾರೂ ಹಾಕಿರಲಿಲ್ಲ.

ಧರ್ಮಪ್ರಚಾರಕ್ಕೆ ಇಷ್ಟೆಲ್ಲ ಬೇಕಿರಲಿಲ್ಲ. ಹತ್ತು ಸಾವಿರ ಶಬ್ದಗಳ ಕೈಪಿಡಿ ಧಾರಾಳವಾಗಿ ಸಾಕಿತ್ತು. ಉಳಿದ ಅರವತ್ತು ಸಾವಿರವನ್ನು ನಾನು ಗೋಪುರ ಮಾಡಿ ಅಳೆದ ಅಕ್ಕಿ ಎನ್ನುತ್ತೇನೆ. ಕಿಟೆಲರ ವ್ಯಾಕರಣ 1903ರಲ್ಲಿ ಹೊರಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ನಿಘಂಟು ಮಾತ್ರ ನಮ್ಮಲ್ಲೇ ಬೆಳೆಯಿತು. ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ಹಿಗ್ಗಿಸಿದರು, ಮದ್ರಾಸ್ ವಿಶ್ವವಿದ್ಯಾಲಯ 1968ರಿಂದ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು.

ಪಾದ್ರಿಯ ಜೋಳಿಗೆಯಲ್ಲಿ ಸರ್ವಜ್ಞ

ಇಲ್ಲಿಯ ತನಕ ಹೇಳಿದ್ದು ಹೆಚ್ಚಾಗಿ ಹೊರಗಿನಿಂದ ಬಂದವರ ಕಥೆ. ಬಲ್ಮಠದಲ್ಲಿ ಓದಿದ ಕನ್ನಡದ ಮಕ್ಕಳು ಏನು ಬರೆದರು? ಒಂದೇ ಹೆಸರು ಹೇಳಿ ಎಂದರೆ ಉತ್ತಂಗಿ ಚನ್ನಪ್ಪನವರದು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ ಶಾಲೆಯಲ್ಲಿ ಕಲಿತು, ಮಂಗಳೂರಿನಲ್ಲಿ ದೇವಶಾಸ್ತ್ರ ಓದಿ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪಾದ್ರಿಯಾಗಿ ದುಡಿದವರು.

ಹಳ್ಳಿಯಿಂದ ಹಳ್ಳಿಗೆ ಸುವಾರ್ತೆ ಹೊತ್ತು ನಡೆದ ಆ ಪಾದ್ರಿ, ಬರುವಾಗ ಸರ್ವಜ್ಞನ ತ್ರಿಪದಿಗಳನ್ನು ಹೊತ್ತು ಬಂದರು. ಓಲೆಗರಿಯಲ್ಲಿದ್ದವನ್ನೂ ಜನರ ಬಾಯಲ್ಲಿದ್ದವನ್ನೂ ಕೂಡಿಹಾಕಿ, ಪಾಠ ತಾಳೆ ನೋಡಿ, 1924ರಲ್ಲಿ ಸುಮಾರು 2000 ವಚನಗಳ ಸಂಗ್ರಹ ಪ್ರಕಟಿಸಿದರು. ಇಂದು ಶಾಲೆಯ ಮಗು ಹೇಳುವ ಸರ್ವಜ್ಞನ ಹಿಂದೆ ಆ ಪಾದ್ರಿಯ ಸವೆದ ಚಪ್ಪಲಿಯಿದೆ. ಮುಂದೆ ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಬರೆದರು, ಸಿದ್ಧರಾಮನ ಸಾಹಿತ್ಯವನ್ನು ಸಂಪಾದಿಸಿದರು, ಮೋಳಿಗೆಯ ಮಾರಯ್ಯನ ವಚನಗಳಿಗೆ ದುಡಿದರು. 1921ರ ಅವರ ಪುಸ್ತಕದ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಆ ಹೆಸರಿನಲ್ಲಿ ಒಂದು ಶಬ್ದ ಗಮನಿಸಿ, 'ವಿನಂತಿ'. ಮೋಗ್ಲಿಂಗರ ಕಾಲದ ಕರಪತ್ರಗಳು ಬನಾರಸಿನ ಜೊತೆ ವಾದಕ್ಕಿಳಿಯುತ್ತಿದ್ದವು. ಉತ್ತಂಗಿಯವರು ಕೈಮುಗಿದು ಬಾಗಿಲು ತಟ್ಟಿದರು. ಮುಕ್ಕಾಲು ಶತಮಾನದಲ್ಲಿ ವಿಶ್ವಾಸದ ಕನ್ನಡ ನಡೆದ ದೂರ ಅದು.

1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಅದೇ ವರ್ಷ ಮದ್ರಾಸ್ ಸರ್ಕಾರ ಮಂಜೇಶ್ವರದ ಗೋವಿಂದ ಪೈಗಳನ್ನು ರಾಷ್ಟ್ರಕವಿ ಎಂದು ಗೌರವಿಸಿತು. ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಖಂಡಕಾವ್ಯವಾಗಿಸಿದವರು ಆ ಗೋವಿಂದ ಪೈಗಳು. ಪಾದ್ರಿಯೊಬ್ಬರು ಶರಣರಿಗಾಗಿ ಜೀವ ತೇದರು, ಸಾರಸ್ವತ ಕವಿಯೊಬ್ಬರು ಶಿಲುಬೆಯ ಬುಡದಲ್ಲಿ ನಿಂತು ಹಾಡಿದರು. ಕೊಡುಕೊಳ್ಳುವುದು ಎರಡೂ ಕಡೆಯಿಂದ ನಡೆದಿತ್ತು.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

ಮೊದಲ ಮಹಾಯುದ್ಧ ಬಲ್ಮಠಕ್ಕೆ ಬಿದ್ದ ದೊಡ್ಡ ಏಟು. ಜರ್ಮನ್ ಮಿಷನರಿಗಳು ಬ್ರಿಟಿಷರ ಕಣ್ಣಿಗೆ ಶತ್ರುಗಳಾದರು. ಅವರನ್ನು ಹಿಡಿದಿಟ್ಟರು, ದೇಶದಿಂದ ಕಳಿಸಿದರು. ಹೆಂಚಿನ, ನೇಯ್ಗೆಯ ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಸಭೆಗಳ ಹೊರೆ ಊರಿನ ಪಾದ್ರಿಗಳ, ಉಪದೇಶಿಗಳ ಹೆಗಲಿಗೆ ಬಿತ್ತು. ಮೋಗ್ಲಿಂಗ್ 80 ವರ್ಷ ಹಿಂದೆ ಬಯಸಿದ್ದು ಹೀಗೆ, ಯಾರೂ ಬಯಸದ ರೀತಿಯಲ್ಲಿ, ಕೈಗೂಡಿತು.

1965ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯೂ ತುಮಕೂರಿನ ಯೂನಿಯನ್ ಕನ್ನಡ ಸೆಮಿನರಿಯೂ ಕೂಡಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಾಯಿತು. ಕರಾವಳಿಯ ಕನ್ನಡಕ್ಕೆ ಬಯಲುಸೀಮೆಯ ಕನ್ನಡ ಜೊತೆಯಾಯಿತು. ಪದವಿ ಕೊಡುವುದು ಸೆರಾಂಪುರದ ಸೆನೆಟ್. ಆ ಸೆರಾಂಪುರದಲ್ಲೇ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ್ದರು. ಬಂಗಾಳದ ಹೂಗ್ಲಿ ದಡದಲ್ಲಿ ಕನ್ನಡ ವಿಭಕ್ತಿ ಪ್ರತ್ಯಯ ಬರೆದವರ ಸಂಸ್ಥೆಯ ಮುದ್ರೆ ಇಂದಿಗೂ ಬಲ್ಮಠದ ಪದವಿಪತ್ರದ ಮೇಲೆ ಬೀಳುತ್ತದೆ.

ಕಾಲೇಜಿನ ಗ್ರಂಥಭಂಡಾರದಲ್ಲಿ ಕಲ್ಲಚ್ಚಿನ ಕಾಲದ ಪುಸ್ತಕಗಳಿವೆ, ಮಿಷನ್ನಿನ ಹಳೆಯ ಕಾಗದಪತ್ರಗಳಿವೆ. ದೇವಶಾಸ್ತ್ರ ಓದದವರೂ ಅಲ್ಲಿಗೆ ಬರುತ್ತಾರೆ: ಪತ್ರಿಕೆಯ ಚರಿತ್ರೆ ಬರೆಯುವವರು, ತುಳು ಶಬ್ದ ಹುಡುಕುವವರು, ಯಕ್ಷಗಾನದ ಹಳೆಯ ಪಾಠ ಬೇಕಾದವರು. ಈ ಕಾಲೇಜಿನಿಂದ ಪಡೆದದ್ದನ್ನು ಅವರು ನಾಡಿಗೆ ಹಂಚುತ್ತಾರೆ.

ಇನ್ನೂ ತೀರದ್ದು

ಒಂದು ಬಾಕಿ ಮಾತ್ರ ಉಳಿದಿದೆ. ಮೋಗ್ಲಿಂಗರಿಗೆ ಕನ್ನಡ ಹೇಳಿಕೊಟ್ಟ ಮುನ್ಶಿ ಯಾರು? ಓಲೆಗರಿಯನ್ನು ಮನೆಯಿಂದ ಇಳಿಸಿ ನಂಬಿ ಕೊಟ್ಟವರು ಯಾರು? ಕಿಟೆಲರ ಮುಂದೆ ಕುಳಿತು ಒಂದೊಂದು ಗಾದೆಯನ್ನೂ ಬಿಡಿಸಿ ಹೇಳಿದ ಪಂಡಿತರು, ಒಕ್ಕಲಿಗರು, ಮನೆಗೆಲಸದ ಹೆಂಗಸರು ಯಾರು? ಜಿಡ್ಡಿನ ಶಾಯಿಯಲ್ಲಿ ಬಸವಪುರಾಣವನ್ನು ಅಷ್ಟು ದುಂಡಗೆ ಬರೆದವನ ಕೈ ನಮ್ಮ ಕಣ್ಣೆದುರೇ ಇದೆ, ಮುಖಪುಟದಲ್ಲಿ ಅವನಿಗೆ ಜಾಗ ಸಿಗಲಿಲ್ಲ. ಅವರಲ್ಲಿ ಬಹುಮಂದಿ ಕ್ರೈಸ್ತರಾಗಲಿಲ್ಲ. ಸಂಬಳಕ್ಕೋ ಸ್ನೇಹಕ್ಕೋ ತಮ್ಮ ಮಾತನ್ನು ಕಡ ಕೊಟ್ಟು ಮನೆಗೆ ಹೋದರು.

ಸ್ಮರಣ ಸಂಚಿಕೆಗಳಲ್ಲಿ ಪ್ರಾಂಶುಪಾಲರ ಪಟ್ಟಿ ಇರುತ್ತದೆ, ಇಸವಿಗಳ ಸಮೇತ. ಮುಂದಿನ ಸಂಚಿಕೆಯ ಹೊತ್ತಿಗೆ ಇಲ್ಲಿಯ ವಿದ್ಯಾರ್ಥಿಗಳು ಗ್ರಂಥಭಂಡಾರದ ಪತ್ರಗಳನ್ನು, ವರದಿಗಳನ್ನು, ಪೀಠಿಕೆಗಳನ್ನು ಜಾಲಾಡಿ ಇನ್ನೊಂದು ಪಟ್ಟಿ ಮಾಡಲಿ: ಮುನ್ಶಿಗಳದು, ಲಿಪಿಕಾರರದು, ಗಾದೆ ಹೇಳಿದವರದು. ಹತ್ತು ಹೆಸರು ಸಿಕ್ಕಿದರೆ ಹತ್ತು. ಅದನ್ನು ಪ್ರಾಂಶುಪಾಲರ ಪಟ್ಟಿಗಿಂತ ಮೊದಲು ಅಚ್ಚು ಹಾಕಲಿ.